ಮೊದಲು ಜಗಳ, ಆಮೇಲೆ ಸ್ಕೇಲು

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರೆಲ್ಲ ಪುಟ್ಟ ಮಕ್ಕಳ ಜೊತೆ ದಿನ ಕಳೆಯುವವರು, ಪೀಠಿಕೆ ಬೇಡ. ನೇರವಾಗಿ ನನ್ನ ತಕರಾರಿಗೆ ಬರುತ್ತೇನೆ. ನಾವು ಮಕ್ಕಳ ಕೈಗೆ ಸ್ಕೇಲನ್ನು ತುಂಬಾ ಬೇಗ ಕೊಡುತ್ತಿದ್ದೇವೆ.

ನಾನೂ ಕೊಟ್ಟವಳೇ. ‘ಸೊನ್ನೆಯನ್ನು ಈ ತುದಿಗಿಡು, ಆ ತುದಿಯಲ್ಲಿ ಯಾವ ಅಂಕಿ ಇದೆ ನೋಡು, ಬರಿ.’ ಮಕ್ಕಳು ಬರೆಯುತ್ತಿದ್ದರು, ನಾನು ರೈಟ್ ಹಾಕುತ್ತಿದ್ದೆ. ಒಂದು ದಿನ ತುದಿ ಮುರಿದ ಸ್ಕೇಲೊಂದು ಕೈಗೆ ಸಿಕ್ಕಿತು. ಪಕ್ಕದಲ್ಲಿ ಪೆನ್ಸಿಲ್ ಇಟ್ಟೆ, 2ರಿಂದ 7ರವರೆಗೆ. ಎಷ್ಟುದ್ದ ಅಂತ ಕೇಳಿದೆ. ಬಹಳಷ್ಟು ಮಕ್ಕಳು ಏಳು ಅಂದರು. ಚುರುಕಿನವರು ಗೆರೆಗಳನ್ನು ಎಣಿಸಿ ಆರು ಅಂದರು. ಐದು ಅಂದವರು ಇಬ್ಬರೇ. ಅಂದರೆ ಇಷ್ಟು ದಿನ ಅವರು ಅಳೆದೇ ಇರಲಿಲ್ಲ, ಅಂಕಿ ಓದುತ್ತಿದ್ದರು. ಎಣಿಸಬೇಕಾದದ್ದು ಗೆರೆಗಳ ನಡುವಿನ ಜಾಗವನ್ನು ಅಂತ ನಾನು ಹೇಳಿಕೊಟ್ಟರೆ ತಾನೇ!

ಆಮೇಲೆ ಒಂದು ಆಟ ಶುರುಮಾಡಿದೆ. ಈ ಕಥೆ ಮೊದಲೇ ಕೇಳಿದವರು ಸ್ವಲ್ಪ ಸಹಿಸಿಕೊಳ್ಳಿ, ನನಗೆ ಹೇಳೋದಂದ್ರೆ ಇಷ್ಟ. ನೆಲದ ಮೇಲೆ ಚಾಕ್‌ಪೀಸಿನಲ್ಲಿ ಎರಡು ಗೆರೆ ಎಳೆದು, ‘ಇದು ಹೊಳೆ, ಒಳಗೆ ಮೊಸಳೆ ಇದೆ. ಸೇತುವೆ ಎಷ್ಟು ಉದ್ದ ಬೇಕು?’ ಅಂದೆ. ಹೆಬ್ಬೆರಳಿಗೆ ಹಿಮ್ಮಡಿ ತಾಗಿಸುತ್ತಾ ಪಾದದಲ್ಲಿ ಅಳೆಯಬೇಕು. ಒಬ್ಬ ಪುಟ್ಟ ಹುಡುಗಿಗೆ 14 ಬಂತು. ಉದ್ದನೆಯ ಹುಡುಗನೊಬ್ಬನಿಗೆ 11. ಶುರುವಾಯಿತು ನೋಡಿ! ‘ನೀನು ಮೋಸ ಮಾಡಿದೆ.’ ‘ನೀನೇ ಕಾಲ ಮೇಲೆ ಕಾಲಿಟ್ಟೆ.’ ನಾನು ಬಾಯಿ ಬಿಡಲಿಲ್ಲ. ಟೀಚರಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ, ಅಲ್ವಾ? ಮತ್ತೆ ಅಳೆದರು. ಮತ್ತೆ ಅದೇ 14, ಅದೇ 11. ಆಗ ಹುಡುಗಿ ನೆಲದ ಮೇಲೆ ಕೂತು, ತನ್ನ ಪಾದವನ್ನು ಅವನ ಪಾದಕ್ಕೆ ಒತ್ತಿ ನೋಡಿದಳು. ‘ಟೀಚರ್, ಇವನ ಕಾಲು ದೊಡ್ಡದು. ಅದಕ್ಕೇ ಇವನಿಗೆ ಕಮ್ಮಿ ಸಾಕು!’

ಅಳತೆಗೋಲು ದೊಡ್ಡದಾದರೆ ಲೆಕ್ಕ ಕಮ್ಮಿ ಬರುತ್ತದೆ. ಇದನ್ನು ಬೋರ್ಡಿನ ಮೇಲೆ ಬರೆದು ಎಷ್ಟು ವಿವರಿಸಿದರೂ ಆ ವಯಸ್ಸಿಗೆ ತಲೆಗೆ ಹೋಗುವುದಿಲ್ಲ.

ಸರಿ, ಹಾಗಾದರೆ ಯಾರ ಕಾಲು? ಮತ್ತೆ ಜಗಳ. ಮೂಲೆಯಲ್ಲಿ ಸುಮ್ನೆ ಕೂತಿದ್ದ ಒಬ್ಬ ಹೇಳಿದ, ‘ಮೊಸಳೆ ಕಾಲು.’ ಎಲ್ಲರಿಗೂ ಒಪ್ಪಿಗೆಯಾಯಿತು. ರಟ್ಟಿನ ಮೇಲೆ ಮೊಸಳೆ ಕಾಲು ಬರೆದು ಕತ್ತರಿಸಿದರು. ಒಂದೇ ಕಾಲು, ಎತ್ತಿ ಮುಂದೆ ಇಡುವಷ್ಟರಲ್ಲಿ ಹಿಂದಿನ ಜಾಗ ಮರೆತುಹೋಗುತ್ತಿತ್ತು. ಹಾಗಾಗಿ ಅದೇ ಅಳತೆಯ ಇನ್ನಷ್ಟು ಕತ್ತರಿಸಿದರು. ಕೆಲವು ಒಂದರ ಮೇಲೊಂದು ಕೂತವು, ಕೆಲವುಗಳ ನಡುವೆ ಸಂದಿ. ‘ಸಂದಿಯಲ್ಲಿ ಬಿದ್ದರೆ ಮೊಸಳೆ ತಿನ್ನುತ್ತೆ’ ಅಂತ ಅವರೇ ಸರಿಮಾಡಿದರು. ಕೊನೆಗೆ ಎಲ್ಲವನ್ನೂ ಉದ್ದನೆಯ ಪಟ್ಟಿಗೆ ಅಂಟಿಸಿ 1, 2, 3 ಬರೆದರು. ಅಂಕಿ ಎಲ್ಲಿ ಬರೆದರು ಗೊತ್ತೇ? ಗೆರೆಯ ಹತ್ತಿರ ಅಲ್ಲ, ಪ್ರತಿ ಪಾದದ ನಟ್ಟನಡುವೆ. ಮುರಿದ ಸ್ಕೇಲಿಗೆ ಉತ್ತರ ಅಲ್ಲೇ ಇತ್ತು.

ಅವರು ಸ್ಕೇಲು ಮಾಡಿಬಿಟ್ಟಿದ್ದರು. ನಾನು ಕೊಡಲಿಲ್ಲ.

ದೊಡ್ಡವರ ಕಥೆಯೂ ಬೇರೆಯಲ್ಲ. ಫ್ರಾನ್ಸಿನಲ್ಲಿ ಊರಿಗೊಂದು ಅಳತೆ ಇತ್ತು, ಗೊಂದಲವೋ ಗೊಂದಲ. ಕೊನೆಗೆ ಯಾರ ಕಾಲೂ ಬೇಡ, ಭೂಮಿಯನ್ನೇ ಹಿಡಿಯೋಣ ಅಂದರು. ಉತ್ತರ ಧ್ರುವದಿಂದ ಭೂಮಧ್ಯ ರೇಖೆಯವರೆಗಿನ ದೂರದ ಒಂದು ಕೋಟಿಯಲ್ಲಿ ಒಂದು ಪಾಲು ಮೀಟರ್ ಆಯಿತು. 1799ರಲ್ಲಿ ಅದಕ್ಕೊಂದು ಪ್ಲಾಟಿನಂ ಪಟ್ಟಿಯನ್ನೂ ಮಾಡಿಟ್ಟರು. ಅದೂ ಮೊಸಳೆ ಕಾಲೇ. ಮೊದಲು ಜಗಳ, ಆಮೇಲೆ ಸ್ಕೇಲು.

‘ಇಷ್ಟೆಲ್ಲ ಆಡಿಸಿದರೆ ಸಿಲಬಸ್ ಯಾವಾಗ ಮುಗಿಸುವುದು’ ಅಂತ ಕೇಳುತ್ತೀರಿ. ನನ್ನದು ಆಟ ಆಡಿಸದೆ ಇದ್ದಾಗಲೂ ಮುಗಿದಿರಲಿಲ್ಲ.

ಇನ್ನು ನೀರು. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಅಧ್ಯಯನ ಮಾಡಿದ ಮನೋವಿಜ್ಞಾನಿ ಪಿಯಾಜೆಯ ಪ್ರಯೋಗ ನಿಮಗೆಲ್ಲ ಗೊತ್ತು. ಅಗಲ ಲೋಟದ ನೀರನ್ನು ಮಗುವಿನ ಕಣ್ಣೆದುರೇ ಸಪೂರ ಲೋಟಕ್ಕೆ ಸುರಿದರೆ ‘ಈಗ ಜಾಸ್ತಿ ಆಯಿತು’ ಅನ್ನುತ್ತದೆ. ದಯವಿಟ್ಟು ತಿದ್ದಬೇಡಿ. ಒಂದು ಪುಟ್ಟ ಕಪ್ ಕೊಟ್ಟು, ಎಷ್ಟು ಕಪ್ ಹಿಡಿಯುತ್ತದೆ ಅಂತ ಸುರಿಯಲು ಬಿಡಿ. ನೆಲ ಒದ್ದೆಯಾಗುತ್ತದೆ, ಆಗಲಿ.

ಚೀಟಿ ಬಂತು. ಐದು ನಿಮಿಷ ಅಂತೆ.

ತೂಕ ಬೇಗ ಹೇಳುತ್ತೇನೆ. ಬಟ್ಟೆ ಹ್ಯಾಂಗರಿನ ಎರಡು ತುದಿಗೆ ಎರಡು ಚೀಲ ಕಟ್ಟಿ. ಒಂದರಲ್ಲಿ ಊದಿದ ಬಲೂನು, ಇನ್ನೊಂದರಲ್ಲಿ ಸಣ್ಣ ಕಲ್ಲು. ಕೈ ಬಿಡುವ ಮೊದಲು ‘ಯಾವುದು ಕೆಳಗೆ ಹೋಗುತ್ತೆ’ ಅಂತ ಪಂದ್ಯ ಕಟ್ಟಿಸಿ. ಮಿಕ್ಕದ್ದನ್ನು ಅವರೇ ನೋಡಿಕೊಳ್ಳುತ್ತಾರೆ.

ಕೊನೆಯದು, ಎಲ್ಲಕ್ಕಿಂತ ಕಷ್ಟದ್ದು, ಸಮಯ. ಅದನ್ನು ಪಕ್ಕದಲ್ಲಿಟ್ಟು ಹೋಲಿಸೋಕಾಗಲ್ಲ, ಚೀಲಕ್ಕೆ ಹಾಕೋಕೂ ಆಗಲ್ಲ. ‘ಐದು ನಿಮಿಷ ಅಂದ್ರೆ ಎಷ್ಟು ಟೀಚರ್?’ ಅಂತ ಒಂದು ಮಗು ಕೇಳಿತ್ತು. ಬಾಟಲಿಗೆ ತೂತು ಮಾಡಿ ಮರಳು ಸುರಿಯಲು ಬಿಟ್ಟು, ಅಷ್ಟರಲ್ಲಿ ಎಷ್ಟು ಸಲ ಕುಪ್ಪಳಿಸಬಹುದು ಅಂತ ನಾವು... ಅಯ್ಯೋ, ಅಧ್ಯಕ್ಷರು ಎದ್ದೇ ನಿಂತರು. ಅವರ ಐದು ನಿಮಿಷ ನನ್ನದಕ್ಕಿಂತ ಚಿಕ್ಕದು. ಮೊಸಳೆ ಕಾಲಿನ ಪಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೇನೆ, ಹೋಗುವಾಗ ನೋಡಿ.