ಏಳು ಹೇರಿನ ಫಿರಂಗಿ

ಕೇಳುಗರಿಗೆ ನಮಸ್ಕಾರ.

ಇಟಲಿಯ ಈಶಾನ್ಯ ಮೂಲೆಯ ಉದಿನೆ ನಗರದ ಪಕ್ಕದಲ್ಲಿ ರೆಮಾನ್‌ಜಾಕ್ಕೊ ಎಂಬ ಊರಿದೆ. ಮೂರನೇ ಪರ್ವತ ಫಿರಂಗಿ ರೆಜಿಮೆಂಟಿನ ಠಾಣ್ಯ ಈಗ ಅಲ್ಲೇ. 1915ರಲ್ಲಿ, ಇಟಲಿ ಮೊದಲ ಮಹಾಯುದ್ಧಕ್ಕೆ ಇಳಿಯುವ ಮುಂಚೆ ಕಟ್ಟಿದ ದಳ ಇದು. ಇದರ ಸಿಪಾಯಿಗಳು ಟೋಪಿಗೆ ಕಪ್ಪು ಗರಿ ಸಿಕ್ಕಿಸಿಕೊಳ್ಳುತ್ತಾರೆ. ಗರಿಗಿಂತ ನನ್ನ ಗಮನ ಸೆಳೆಯುವುದು ಹಿಂದೆ ಇವರ ಫಿರಂಗಿ ಹೊರುತ್ತಿದ್ದ ಹೇಸರಗತ್ತೆಗಳು.

ಎರಡನೇ ಮಹಾಯುದ್ಧದಲ್ಲಿ ಇವರ ಕೈಯಲ್ಲಿದ್ದದ್ದು 75 ಮಿಲಿಮೀಟರ್ ಬಾಯಿಯ ಸ್ಕೋಡಾ ಹೊವಿಟ್ಜರ್, ಅಂದರೆ ಗುಂಡನ್ನು ಮೇಲಕ್ಕೆ ಕಮಾನಾಗಿ ಹಾರಿಸುವ ಗಿಡ್ಡ ಫಿರಂಗಿ. ಆಸ್ಟ್ರಿಯಾ ಸೋತಾಗ ಇಟಲಿಗೆ ದಕ್ಕಿದ ಹಳೇ ಸರಕು. ತೂಕ ಆರು ಕ್ವಿಂಟಾಲಿನ ಮೇಲೆ. ಆದರೆ ಬಿಚ್ಚಿದರೆ ಏಳು ಹೇರು: ನಳಿಗೆ ಒಂದು ಕತ್ತೆಯ ಬೆನ್ನಿಗೆ, ಗಾಲಿಗಳು ಇನ್ನೊಂದಕ್ಕೆ, ಗುರಾಣಿ ಮತ್ತೊಂದಕ್ಕೆ. ಎರಡೂ ಬದಿಯಲ್ಲಿ ಸಿಪಾಯಿಗಳು ನಿಂತು ಒಂದೇ ದಮ್ಮಿಗೆ ಎತ್ತಿ ಜೀನಿಗೆ ಬಿಗಿಯಬೇಕು. ಭಾರ ಒಂದು ಕಡೆ ವಾಲಿತೋ, ಮುಂದಿನ ತಿರುವಿನಲ್ಲಿ ಪ್ರಾಣಿಯೂ ಫಿರಂಗಿಯೂ ಕಣಿವೆ ಪಾಲು. "ಬಾಯಿ ಮುಚ್ಚು, ಎಳೆ" ಎಂಬುದು ಇವರ ಆಡುಮಾತಿನ ಘೋಷಣೆ. ಅದನ್ನು ಕತ್ತೆಗೆ ಹೇಳಿದ್ದೋ ಸಿಪಾಯಿಗೋ, ಬಲ್ಲವರೇ ಹೇಳಬೇಕು!

1940ರ ಅಕ್ಟೋಬರ್ 28ರಂದು ಇವರು ಸೇರಿದ್ದ ಜೂಲಿಯಾ ಎಂಬ ಪರ್ವತ ಡಿವಿಜನ್ ಅಲ್ಬೇನಿಯಾದಿಂದ ಗ್ರೀಸಿನ ಪಿಂಡಸ್ ಪರ್ವತಗಳಿಗೆ ನುಗ್ಗಿತು. ಮೆತ್ಸೊವೊ ಕಣಿವೆದಾರಿ ಹಿಡಿಯುವುದು ಗುರಿ. ಮಳೆ, ಕೆಸರು, ಹಿಂದಿನಿಂದ ಬರದ ದಿನಸಿ. ಗ್ರೀಕರು ತಿರುಗಿಬಿದ್ದು ಮುತ್ತಿದಾಗ ಹಿಂದೆ ಸರಿಯದೆ ಬೇರೆ ದಾರಿ ಇರಲಿಲ್ಲ.

ಇದಕ್ಕಿಂತ ಕೆಟ್ಟದ್ದು ರಷ್ಯಾದಲ್ಲಿ ಕಾದಿತ್ತು. 1942ರಲ್ಲಿ ಪರ್ವತ ಸೈನ್ಯವನ್ನು ಕರೆದೊಯ್ದದ್ದು ಕಾಕಸಸ್ ಬೆಟ್ಟಗಳಿಗೆಂದು. ನಿಲ್ಲಿಸಿದ್ದು ಮಾತ್ರ ಡಾನ್ ನದಿಯ ದಂಡೆಯಲ್ಲಿ, ಕಣ್ಣು ಹಾಯುವಷ್ಟೂ ಬಯಲಿನಲ್ಲಿ! ಬೆಟ್ಟ ಹತ್ತಲೆಂದು ಗಿಡ್ಡ ನಳಿಗೆ ಇಟ್ಟ ಫಿರಂಗಿಯ ಗುಂಡಿಗೆ ವೇಗ ಕಡಿಮೆ. ಸೋವಿಯತ್ ಸೈನ್ಯದ ಟಿ-34 ಟ್ಯಾಂಕಿನ ಮುಂದೆ ಅದರ ಆಟ ನಡೆಯುವುದು ಕಷ್ಟ. ಯೋಜನೆ ಬರೆದವರಿಗೆ ಇದು ತಿಳಿಯದ ವಿಷಯವಲ್ಲ; ಆದರೂ ಕಳಿಸಿದರು. ಡಿಸೆಂಬರಿನಲ್ಲಿ ಪಕ್ಕದ ಸಾಲು ಮುರಿದಾಗ ಜೂಲಿಯಾವನ್ನು ಬಂಕರುಗಳಿಂದ ಎಬ್ಬಿಸಿ, ಆ ಬಿರುಕು ತುಂಬಲು ಬರೀ ಹಿಮದ ಮೇಲೆ ತಂದು ನಿಲ್ಲಿಸಲಾಯಿತು. ಅಲ್ಲಿ ತಿಂಗಳ ಹತ್ತಿರ ಕಾದಾಡಿದರು. 1943ರ ಜನವರಿ ನಡುವೆ ಹಿಮ್ಮೆಟ್ಟುವ ಅಪ್ಪಣೆ ಬಂತು. ಫಿರಂಗಿ ಹೊತ್ತಿದ್ದ ಹೇಸರಗತ್ತೆಗಳೇ ಆಗ ಗಾಯಾಳುಗಳ ಜಾರುಬಂಡಿ ಎಳೆದವು. ಬಹಳಷ್ಟು ಜನ ಮನೆ ಸೇರಲಿಲ್ಲ.

ಯುದ್ಧದ ನಂತರ ದಳವನ್ನು ಮತ್ತೆ ಕಟ್ಟಿದರು. ಬಿಚ್ಚಿ ಹೊರಬಹುದಾದ 105 ಮಿಲಿಮೀಟರಿನ ಹೊಸ ಹೊವಿಟ್ಜರ್ 1950ರ ದಶಕದಲ್ಲಿ ಬಂತು. ಆಮೇಲೆ ಹೆಲಿಕಾಪ್ಟರು, ಲಾರಿ. 1993ರಲ್ಲಿ ಇಟಲಿಯ ಸೈನ್ಯ ತನ್ನ ಕೊನೆಯ ಹೇಸರಗತ್ತೆಗಳನ್ನು ಬೆಲ್ಲುನೊದಲ್ಲಿ ಹರಾಜು ಹಾಕಿತು. ಅವು ಕಸಾಯಿಖಾನೆಗೆ ಹೋಗದಿರಲೆಂದು ನಿವೃತ್ತ ಪರ್ವತ ಸಿಪಾಯಿಗಳೇ ಮುಂದೆ ಬಂದು ಬಿಡ್ ಕೂಗಿದರು. ಆ ಪೈಕಿ ಇರೋಸೊ ಎಂಬುದು ನಲವತ್ತು ವರ್ಷ ಬಾಳಿ 2019ರಲ್ಲಿ ಸತ್ತಾಗ ಇಟಲಿಯ ಪತ್ರಿಕೆಗಳಲ್ಲಿ ಅದರ ಸಾವಿನ ಸುದ್ದಿ ಬಂತು.

ನಮಸ್ಕಾರ.