ಗಡಿಯಾರದ ಸಾಹೇಬರು ಕಟ್ಟಿದ ಶಾಲೆ

ಕೇಳುಗರಿಗೆಲ್ಲ ನಮಸ್ಕಾರ.

ಕಲ್ಕತ್ತೆಯ ಕಾಲೇಜ್ ಸ್ಟ್ರೀಟ್ ಹೆಸರು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ರಸ್ತೆಯುದ್ದಕ್ಕೂ ಪುಸ್ತಕದಂಗಡಿಗಳಿರುವ ಬೀದಿ ಅದು. ಅಲ್ಲೊಂದು ಸರ್ಕಾರಿ ಗಂಡುಮಕ್ಕಳ ಹೈಸ್ಕೂಲು ಇದೆ. ಹೆಸರು ಹೇರ್ ಸ್ಕೂಲ್. 2018ಕ್ಕೆ ಅದಕ್ಕೆ 200 ವರ್ಷ ತುಂಬಿತು. ನಮ್ಮ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833ರಲ್ಲಿ ಇಂಗ್ಲಿಷ್ ಶಾಲೆ ತೆರೆದರಲ್ಲ, ಅದಕ್ಕಿಂತಲೂ 15 ವರ್ಷ ಹಳೆಯದು.

ಇವತ್ತು ಅದು ಸರ್ಕಾರಿ ಶಾಲೆ, ನಿಜ. ಆದರೆ ಅದನ್ನು ಮೊದಲು ನಿಲ್ಲಿಸಿದವರು ಸರ್ಕಾರದವರಲ್ಲ, ಪಾದ್ರಿಗಳೂ ಅಲ್ಲ. ಅದರ ಹಿಂದೆ ನಿಂತವರು ಒಬ್ಬ ಗಡಿಯಾರದ ವ್ಯಾಪಾರಿ.

ಡೇವಿಡ್ ಹೇರ್ ಸ್ಕಾಟ್ಲೆಂಡಿನವರು. 1800ರಲ್ಲಿ ಕಲ್ಕತ್ತೆಗೆ ಬಂದರು. ಗಡಿಯಾರ ಮಾಡುವುದು, ಮಾರುವುದು ಅವರ ಕಸುಬು. ಅಂಗಡಿ ಚೆನ್ನಾಗಿಯೇ ನಡೆಯಿತು. ಆ ಕಾಲದಲ್ಲಿ ಬಂದ ಬಿಳಿಯರು ನಾಲ್ಕು ಕಾಸು ಕೂಡಿಟ್ಟುಕೊಂಡು ಊರಿಗೆ ಹಡಗು ಹತ್ತುವುದು ರೂಢಿ. ಹೇರ್ ಹಾಗೆ ಮಾಡಲಿಲ್ಲ. 1820ರ ಸುಮಾರಿಗೆ ಅಂಗಡಿಯನ್ನು ಗ್ರೇ ಎಂಬ ಸ್ನೇಹಿತರಿಗೆ ವಹಿಸಿಕೊಟ್ಟು, ಗಳಿಸಿದ್ದನ್ನೆಲ್ಲ ಕಲ್ಕತ್ತೆಯ ಹುಡುಗರ ಓದಿಗೆ ಸುರಿದರು. ತಾವೇ ಹೆಚ್ಚು ಓದಿದವರಲ್ಲ ಅವರು.

1817ರಲ್ಲಿ ಹಿಂದೂ ಕಾಲೇಜು ಶುರುವಾಯಿತು. ಅದಕ್ಕಾಗಿ ಓಡಾಡಿದವರಲ್ಲಿ ಹೇರ್ ಕೂಡ ಒಬ್ಬರು. ಆದರೆ ಅದು ಹೆಚ್ಚಾಗಿ ಉಳ್ಳವರ ಮನೆಯ ಮಕ್ಕಳಿಗೆ. ಉಳಿದ ಹುಡುಗರಿಗೆ ಇದ್ದದ್ದು ಬೀದಿಬೀದಿಯ ಪಾಠಶಾಲೆ. ನಮ್ಮ ಕೂಲಿಮಠದಂಥದ್ದೇ. ಒಬ್ಬ ಗುರು, ತಾಳೆಗರಿ, ಬಾಯಿಪಾಠ, ಜೊತೆಗೆ ಬೆತ್ತ. ಅಚ್ಚಾದ ಪುಸ್ತಕ ಅಂತ ಏನೂ ಇರಲಿಲ್ಲ. ಇದನ್ನು ಸರಿಮಾಡಬೇಕು ಅಂತ 1818ರ ಸೆಪ್ಟೆಂಬರ್ 1ರಂದು ಕಲ್ಕತ್ತಾ ಸ್ಕೂಲ್ ಸೊಸೈಟಿ ಹುಟ್ಟಿತು. ಹೇರ್ ಶಾಲೆ ತನ್ನ ಹುಟ್ಟನ್ನು ಎಣಿಸುವುದು ಅಲ್ಲಿಂದಲೇ.

ಈ ಸೊಸೈಟಿಯಲ್ಲಿ ಹೇರ್ ಅವರಿಗೆ ಹೆಗಲು ಕೊಟ್ಟವರು ರಾಧಾಕಾಂತ ದೇವ್. ಮುಂದೆ ಸತಿ ಪದ್ಧತಿಯ ನಿಷೇಧವನ್ನೇ ವಿರೋಧಿಸಿದ ಕಟ್ಟಾ ಸಂಪ್ರದಾಯಸ್ಥರು ಅವರು. ಹೇರ್ ಅವರ ಗೆಳೆತನವೋ ಸತಿಯನ್ನು ನಿಲ್ಲಿಸಲು ಹೋರಾಡಿದ ರಾಮಮೋಹನ ರಾಯರ ಜೊತೆ. ಆದರೂ ಪಾಠಶಾಲೆಗಳ ಹುಡುಗರಿಗೆ ಪರೀಕ್ಷೆ ನಡೆಯುತ್ತಿದ್ದದ್ದು ರಾಧಾಕಾಂತರ ಮನೆಯಲ್ಲಿ. ಮಕ್ಕಳ ಓದಿನ ವಿಷಯ ಬಂದಾಗ ಇವರೆಲ್ಲ ಒಂದು ಕಡೆ ಕೂತು ಕೆಲಸ ಮಾಡಿದರು ಅನ್ನುವುದು ನನಗೆ ತುಂಬಾ ದೊಡ್ಡ ವಿಷಯ ಅನಿಸುತ್ತದೆ.

ಹೇರ್ ಬೆಳಿಗ್ಗೆ ಪಲ್ಲಕ್ಕಿ ಹತ್ತಿದರೆ ಸಂಜೆಯವರೆಗೂ ಶಾಲೆಯಿಂದ ಶಾಲೆಗೆ ತಿರುಗಾಟ. ಪಲ್ಲಕ್ಕಿಯೊಳಗೆ ಔಷಧಿಗಳೂ ಇರುತ್ತಿದ್ದವು. ಯಾವ ಹುಡುಗ ಬಂದಿಲ್ಲ ಅಂತ ಕೇಳುವುದು, ಜ್ವರ ಅಂದರೆ ಅವನ ಮನೆಗೇ ಹೋಗುವುದು. ಶಾಲೆ ಬಿಡುವ ಹೊತ್ತಿಗೆ ಟವೆಲ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಕೊಳೆ ಮಾಡಿಕೊಂಡ ಹುಡುಗ ಕಂಡರೆ ಹಿಡಿದು ಒರೆಸಿಯೇ ಕಳಿಸುವುದು!

ಹೇರ್ ಅವರ ಶಾಲೆಯ ಪುಕ್ಕಟೆ ಸೀಟಿಗೆ ಹುಡುಗರು ಮುಗಿಬೀಳುತ್ತಿದ್ದರು. ಪಲ್ಲಕ್ಕಿ ಬೀದಿಗೆ ಬಂದರೆ ಸಾಕು, "ನಾನು ಬಡ ಹುಡುಗ, ನನ್ನನ್ನೂ ಸೇರಿಸಿಕೊಳ್ಳಿ" ಅಂತ ಹರಕುಮುರುಕು ಇಂಗ್ಲಿಷಿನಲ್ಲಿ ಕೂಗುತ್ತ ಹಿಂದೆ ಓಡುವುದು. ಹಾಗೆ ಓಡಿದವರಲ್ಲಿ ಒಬ್ಬ ಹುಡುಗ ರಾಮತನು ಲಾಹಿರಿ. ಒಂದೆರಡು ದಿನ ಅಲ್ಲ, ಸುಮಾರು ಎರಡು ತಿಂಗಳು ಓಡಿದನಂತೆ. ಒಂದು ಸಂಜೆ ಹೇರ್ ಅವನ ಬಾಡಿದ ಮುಖ ನೋಡಿ, ಏನಾದರೂ ತಿನ್ನುತ್ತೀಯಾ ಅಂತ ಕೇಳಿದರು. ಹುಡುಗ ಬೇಡ ಅಂದ. ಹಸಿವಿಲ್ಲ ಅಂತಲ್ಲ. ಸಾಹೇಬರ ಮನೆಯಲ್ಲಿ ತಿಂದರೆ ಜಾತಿ ಕೆಡುತ್ತದಲ್ವಾ? ಹೇರ್‌ಗೆ ಅರ್ಥವಾಯಿತು. ಪಕ್ಕದ ಮಿಠಾಯಿ ಅಂಗಡಿಯಿಂದ ತಿಂಡಿ ಕೊಡಿಸಿದರು. ಕೊನೆಗೆ ಸೀಟೂ ಕೊಟ್ಟರು. ಅದೇ ರಾಮತನು ಮುಂದೆ ಹೆಸರಾಂತ ಮೇಷ್ಟ್ರಾದರು. 1851ರಲ್ಲಿ, ಊರೆಲ್ಲ ಬೈದರೂ ಲೆಕ್ಕಿಸದೆ, ಜನಿವಾರ ತೆಗೆದುಹಾಕಿದರು.

1842ರ ಮೇ ಕೊನೆಯ ರಾತ್ರಿ ಹೇರ್‌ಗೆ ಕಾಲರಾ ಹಿಡಿಯಿತು. ಉಳಿಯುವುದಿಲ್ಲ ಅಂತ ಅವರಿಗೇ ಗೊತ್ತಾಯಿತು. ಶವಪೆಟ್ಟಿಗೆ ಮಾಡಿಸಿಡಲು ಗ್ರೇಗೆ ತಿಳಿಸು ಅಂತ ಆಳಿಗೆ ಹೇಳಿದರಂತೆ. ಚಿಕಿತ್ಸೆ ಮಾಡಿದವರು ಅವರದೇ ಶಿಷ್ಯ, ಡಾಕ್ಟರ್ ಪ್ರಸನ್ನಕುಮಾರ ಮಿತ್ರ. ಜೂನ್ 1ರಂದು ಹೇರ್ ತೀರಿಕೊಂಡರು. ಕ್ರೈಸ್ತರ ಸ್ಮಶಾನದಲ್ಲಿ ಅವರಿಗೆ ಜಾಗ ಕೊಡಲಿಲ್ಲ ಎನ್ನುತ್ತಾರೆ. ಶಾಲೆಯ ಹತ್ತಿರದ ಕಾಲೇಜ್ ಸ್ಕ್ವೇರಿನಲ್ಲೇ ಮಣ್ಣು ಮಾಡಿದರು. ಮಳೆಯಲ್ಲಿ ಸಾವಿರಾರು ಜನ ಹಿಂದೆ ನಡೆದರು.

ಶಾಲೆ ಮುಂದೆ ಸರ್ಕಾರದ ಕೈಗೆ ಬಂತು. ಕಟ್ಟಡ ಬದಲಾಯಿತು, ಹೆಸರೂ ಬದಲಾಯಿತು. 1867ರಲ್ಲಿ ಹೇರ್ ಅವರ ಹೆಸರನ್ನೇ ಇಟ್ಟರು.

ಇಲ್ಲಿನ ಹೆಡ್ ಮಾಸ್ಟರುಗಳಲ್ಲಿ ಪ್ಯಾರೀಚರಣ ಸರ್ಕಾರರ ಬಗ್ಗೆ ಹೇಳಲೇಬೇಕು. ಬಾಲ್ಯದಲ್ಲಿ ಅವರೂ ಹೇರ್ ಅವರ ಶಾಲೆಯಲ್ಲೇ ಓದಿದವರು. ಬಂಗಾಳದ ತಲೆಮಾರುಗಳು ಇಂಗ್ಲಿಷ್ ಕಲಿತದ್ದು ಅವರು ಬರೆದ 'ಫಸ್ಟ್ ಬುಕ್' ಎಂಬ ಪಠ್ಯಪುಸ್ತಕದಿಂದ. ಇಲ್ಲಿಗೆ ಬರುವ ಮುಂಚೆ ಕಲ್ಕತ್ತೆಯ ಹತ್ತಿರದ ಬಾರಾಸಾತದ ಸರ್ಕಾರಿ ಶಾಲೆಯಲ್ಲಿದ್ದಾಗ, 1847ರಲ್ಲಿ, ಗೆಳೆಯರ ಜೊತೆ ಸೇರಿ ಹೆಣ್ಣುಮಕ್ಕಳಿಗೊಂದು ಶಾಲೆ ತೆರೆದಿದ್ದರು. ಊರವರು ಬಹಿಷ್ಕಾರ ಹಾಕಿದರು. ಅವರು ಶಾಲೆ ಮುಚ್ಚಲಿಲ್ಲ.

ಹೇರ್ ಶಾಲೆಯ ಬೆಂಚಿನಲ್ಲಿ ಕೂತು ಮುಂದೆ ದೊಡ್ಡ ವಿಜ್ಞಾನಿಗಳಾದ ಇಬ್ಬರು ನಿಮಗೆ ಚೆನ್ನಾಗಿ ಗೊತ್ತು. ಜಗದೀಶಚಂದ್ರ ಬೋಸ್ 1869ರಲ್ಲಿ ಸೇರಿ ಸ್ವಲ್ಪ ಕಾಲ ಓದಿದರು. ಅವರ ಹಿಂದೆಯೇ ಪ್ರಫುಲ್ಲಚಂದ್ರ ರೇ ಬಂದರು. ಪೂರ್ವ ಬಂಗಾಳದ ಹಳ್ಳಿ ಹುಡುಗ. ಪೇಟೆ ಹುಡುಗರು ಅವರನ್ನು ಆಡಿಕೊಳ್ಳುತ್ತಿದ್ದರು. 1874ರಲ್ಲಿ ಆಮಶಂಕೆ ಹಿಡಿದು ಶಾಲೆ ಬಿಡಬೇಕಾಯಿತು. ಮನೆಯಲ್ಲೇ ಇದ್ದು ಅಪ್ಪನ ಪುಸ್ತಕಗಳನ್ನು ಓದಿದರು. ಆ ಕಾಯಿಲೆ ಜೀವನಪೂರ್ತಿ ಕಾಡಿತು.

ಇಬ್ಬರೂ ಇಂಗ್ಲೆಂಡ್, ಸ್ಕಾಟ್ಲೆಂಡಿಗೆ ಹೋಗಿ ಓದಿ ಬಂದರು. ಬೋಸ್ 1885ರಲ್ಲಿ, ರೇ 1889ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಮೇಷ್ಟ್ರಾದರು. ಈಗ ವಿಶ್ವವಿದ್ಯಾಲಯವಾಗಿರುವ ಆ ಕಾಲೇಜು ಇರುವುದು ಹೇರ್ ಶಾಲೆಯ ಪಕ್ಕದಲ್ಲೇ. ಅಲ್ಲಿ ಇಬ್ಬರ ಕೈಯಲ್ಲೂ ಪಾಠ ಹೇಳಿಸಿಕೊಂಡ ಒಬ್ಬ ವಿದ್ಯಾರ್ಥಿ ಇನ್ನೊಂದು ಸರ್ಕಾರಿ ಶಾಲೆಯಿಂದ ಬಂದಿದ್ದ. ಅದು ಅದೇ ಬೀದಿಯ ಹಿಂದೂ ಸ್ಕೂಲ್. ಮುಂದೆ ಹೆಸರಾಂತ ಭೌತವಿಜ್ಞಾನಿಯಾದ ಆ ಹುಡುಗನ ಹೆಸರು ಸತ್ಯೇಂದ್ರನಾಥ ಬೋಸ್.

ನಮಸ್ಕಾರ.