ಪೆಡಲ್ ಅದುರಿದರೂ ಕಾಲು ಎತ್ತಬೇಡಿ

ಕೇಳುಗರೇ, ನಮಸ್ಕಾರ.

ನನಗೆ ಕಾರು ಓಡಿಸೋದು ಕಲಿಸಿದವರು ನಮ್ಮ ಸೋದರಮಾವ. ಅವರ ಹಳೇ ಅಂಬಾಸಿಡರ್‌ನಲ್ಲಿ. ಮಳೆ ಬಂದರೆ ಸಾಕು, ಪಕ್ಕದಲ್ಲಿ ಕೂತು ಒಂದೇ ಮಂತ್ರ. "ಬ್ರೇಕ್ ಅದುಮಿ ಹಿಡೀಬೇಡ ಕಣೋ. ಒತ್ತು, ಬಿಡು. ಒತ್ತು, ಬಿಡು." ಆ ಪಾಠ ತಲೆಯಲ್ಲಿ ಅಲ್ಲ, ನನ್ನ ಬಲಗಾಲಿನಲ್ಲಿ ಕೂತುಬಿಟ್ಟಿತು.

ಮೂರು ವರ್ಷದ ಹಿಂದೆ ಹೊಸ ಕಾರು ಬಂತು. ಅದರಲ್ಲಿ ಎಬಿಎಸ್ ಇತ್ತು, ಅಂದರೆ ಆಂಟಿ-ಲಾಕ್ ಬ್ರೇಕಿಂಗ್ ಸಿಸ್ಟಮ್, ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ. ಆ ಮಳೆಗಾಲದಲ್ಲೇ ಒಂದು ದಿನ ಹಾಸನದಿಂದ ಸಕಲೇಶಪುರದ ಕಡೆ ಹೊರಟಿದ್ದೆ. ಜಡಿಮಳೆ. ತಿರುವು ದಾಟಿದೆ, ನಡುರಸ್ತೆಯಲ್ಲಿ ಒಂದು ಎಮ್ಮೆ. ಬ್ರೇಕ್ ಬಲವಾಗಿ ಒತ್ತಿದೆ. ಪೆಡಲ್ ಕಾಲಿನಡಿ ದಡದಡ ಅಂತ ಅದುರಿತು. ಬಾನೆಟ್ ಕಡೆಯಿಂದ ಗರಗರ ಸದ್ದು. ಏನೋ ಮುರಿದುಹೋಯಿತು ಅಂದುಕೊಂಡೆ. ಕಾಲು ತಾನಾಗಿಯೇ ಮೇಲೆ ಬಂತು. ಮತ್ತೆ ಒತ್ತುವಷ್ಟರಲ್ಲಿ ಎಮ್ಮೆಗೂ ಬಂಪರಿಗೂ ಮಧ್ಯೆ ಉಳಿದದ್ದು ಒಂದು ಮಾರು. ಎಮ್ಮೆ ನನ್ನನ್ನು ಒಂದು ಸಲ ನೋಡಿ, ನಿಧಾನವಾಗಿ ದಾಟಿತು.

ಮಾರನೇ ದಿನ ಮೆಕ್ಯಾನಿಕ್ ನಕ್ಕುಬಿಟ್ಟ. "ಸಾರ್, ಏನೂ ಕೆಟ್ಟಿಲ್ಲ. ಎಬಿಎಸ್ ಕೆಲಸ ಮಾಡ್ತಾ ಇತ್ತು. ನೀವೇ ನಿಲ್ಲಿಸಿಬಿಟ್ರಿ."

ಪಾಚಿ ಕಟ್ಟಿದ ಹಿತ್ತಲಲ್ಲಿ ಕಾಲು ಜಾರಿದ್ದು ನೆನಪಿದೆಯಾ? ಜಾರುತ್ತಿರುವಾಗ ಎಡಕ್ಕೋ ಬಲಕ್ಕೋ ತಿರುಗೋಕೆ ಆಗಲ್ಲ. ಚಕ್ರವೂ ಹಾಗೇ. ಬ್ರೇಕ್ ಬಿಗಿಯಾಗಿ ಹಿಡಿದು ಚಕ್ರ ಉರುಳೋದು ನಿಂತರೆ ಟೈರ್ ಜಾರತೊಡಗುತ್ತದೆ. ಆಗ ಸ್ಟಿಯರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರವಾಗಿಯೇ ಹೋಗುತ್ತದೆ. ಎಬಿಎಸ್ ಇದನ್ನು ತಡೆಯುತ್ತದೆ. ಚಕ್ರಗಳ ಹತ್ತಿರ ಸೆನ್ಸರ್‌ಗಳಿರುತ್ತವೆ. ಯಾವ ಚಕ್ರ ತಟ್ಟನೆ ನಿಲ್ಲುತ್ತಾ ಇದೆ ಅಂತ ಗೊತ್ತಾದ ಕೂಡಲೇ ಆ ಚಕ್ರದ ಬ್ರೇಕಿನ ಒತ್ತಡ ಸ್ವಲ್ಪ ಸಡಿಲ ಆಗುತ್ತದೆ, ಮತ್ತೆ ಬಿಗಿಯಾಗುತ್ತದೆ. ಸೆಕೆಂಡಿಗೆ ಹಲವು ಸಲ ಹೀಗೆ ನಡೆಯುತ್ತದೆ. ಆ ದಡದಡ ಇದೇ.

ಇದು ಮೊದಲು ಬಂದದ್ದು ವಿಮಾನದ ಚಕ್ರಗಳಿಗೆ. ಈಗಿನಂಥ ಎಲೆಕ್ಟ್ರಾನಿಕ್ ಎಬಿಎಸ್ ಅನ್ನು ಬಾಷ್ ಕಂಪನಿ 1978ರಲ್ಲಿ ಮರ್ಸಿಡಿಸ್ ಕಾರಿಗೆ ಕೊಟ್ಟಿತು. ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಕಡ್ಡಾಯ ಆದದ್ದು 2019ರ ಏಪ್ರಿಲ್‌ನಲ್ಲಿ. ಹಾಗಾಗಿ ನಿಮ್ಮ ಕಾರು ಅದಾದ ಮೇಲೆ ತಯಾರಾಗಿದ್ದರೆ ಎಬಿಎಸ್ ಇದ್ದೇ ಇರುತ್ತದೆ.

ಸರಿ, ಅವಸರ ಬಂದಾಗ ಏನು ಮಾಡಬೇಕು? ಪೆಡಲನ್ನು ಒಂದೇ ಸಲ ಜೋರಾಗಿ ತುಳಿಯಿರಿ. ಜೋರಾಗಿ ಅಂದರೆ ನಿಜವಾಗಲೂ ಜೋರಾಗಿ, ಮುಜುಗರ ಬೇಡ. ಮ್ಯಾನ್ಯುವಲ್ ಗೇರ್ ಆದರೆ ಕ್ಲಚ್ಚೂ ಒತ್ತಿ. ಇಂಜಿನ್ ಆಫ್ ಆದರೆ ಪವರ್ ಸ್ಟಿಯರಿಂಗ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಪೆಡಲ್ ಅದುರಲಿ, ಸದ್ದು ಬರಲಿ, ಕಾರು ನಿಲ್ಲುವ ತನಕ ಕಾಲು ಎತ್ತಬೇಡಿ. ಜೊತೆಗೆ ಕಣ್ಣು ಎಮ್ಮೆಯ ಮೇಲೆ ಬೇಡ, ಪಕ್ಕದಲ್ಲಿ ಖಾಲಿ ಇರುವ ಜಾಗದ ಮೇಲಿರಲಿ. ಸ್ಟಿಯರಿಂಗ್ ಆ ಕಡೆ ಮೆಲ್ಲಗೆ ತಿರುಗಿಸಿ. ಬ್ರೇಕ್ ಹಿಡಿದೇ ತಿರುಗಿಸಬಹುದು ಅನ್ನೋದೇ ಎಬಿಎಸ್‌ನ ದೊಡ್ಡ ಲಾಭ. ಬಹಳ ಜನ ಇದನ್ನು ಮರೆತು ಸುಮ್ನೆ ನೇರ ಹೋಗಿ ಗುದ್ದುತ್ತಾರೆ.

ಸೀಟು ಹಿಂದೆ ತಳ್ಳಿ ಒರಗಿಕೊಂಡು ಓಡಿಸುವವರಿಗೆ ಇಷ್ಟು ಜೋರಾಗಿ ತುಳಿಯೋಕೆ ಆಗಲ್ಲ. ಪೆಡಲ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು.

ಈಗ ಎಬಿಎಸ್ ಕೈಲಿ ಆಗದ ವಿಷಯಕ್ಕೆ ಬರೋಣ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎಮ್ಮೆ ಕಂಡು, ಕಾಲು ಪೆಡಲಿಗೆ ಬರೋಕೆ ಒಂದು ಸೆಕೆಂಡ್ ಹಿಡಿದರೆ ಆ 22 ಮೀಟರ್ ಹೋಯಿತು ಅಂತಲೇ ಲೆಕ್ಕ. ಅದರಲ್ಲಿ ಎಬಿಎಸ್‌ಗೆ ಪಾತ್ರವೇ ಇಲ್ಲ. ಸಡಿಲ ಜಲ್ಲಿ, ಮಣ್ಣುರಸ್ತೆಯಲ್ಲಂತೂ ಎಬಿಎಸ್ ಕಾರು ನಿಲ್ಲೋಕೆ ಇನ್ನೂ ಜಾಸ್ತಿ ದೂರ ಬೇಕಾಗಬಹುದು. ಯಾಕೆಂದರೆ ನಿಂತ ಚಕ್ರ ತನ್ನ ಮುಂದೆ ಮಣ್ಣು ಗುಡ್ಡೆ ಹಾಕಿಕೊಂಡು ಅದಕ್ಕೇ ಆತುಕೊಂಡು ನಿಲ್ಲುತ್ತದೆ, ಉರುಳುವ ಚಕ್ರಕ್ಕೆ ಆ ಗುಡ್ಡೆ ಸಿಗಲ್ಲ. ಸವೆದ ಟೈರಿಗೆ ಎಬಿಎಸ್‌ನಿಂದ ಹಿಡಿತ ಬರಲ್ಲ. ಆಗುಂಬೆ, ಚಾರ್ಮಾಡಿ ಇಳಿಯುವಾಗ ಬ್ರೇಕ್ ಕಾದುಹೋಗುವುದನ್ನೂ ಅದು ತಪ್ಪಿಸಲ್ಲ. ಘಾಟಿಗೆ ಹಳೇ ಪಾಠವೇ ಸರಿ, ಕೆಳಗಿನ ಗೇರ್ ಹಾಕಿ ಇಳಿಯೋದು.

ಜರ್ಮನಿಯ ಮ್ಯೂನಿಕ್‌ನಲ್ಲಿ 1980ರ ದಶಕದಲ್ಲಿ ಟ್ಯಾಕ್ಸಿಗಳನ್ನು ಇಟ್ಟುಕೊಂಡು ಒಂದು ಪರೀಕ್ಷೆ ಮಾಡಿದ್ದರು. ಕೆಲವಕ್ಕೆ ಎಬಿಎಸ್ ಇತ್ತು, ಕೆಲವಕ್ಕೆ ಇಲ್ಲ. ಅಪಘಾತ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಎಬಿಎಸ್ ಇದ್ದ ಡ್ರೈವರ್‌ಗಳು ಒರಟಾಗಿ ಓಡಿಸುತ್ತಿದ್ದರಂತೆ. ನನಗೇನೂ ಆಶ್ಚರ್ಯ ಆಗಲಿಲ್ಲ. ಕೊಡೆ ಕೈಗೆ ಬಂದರೆ ಮಳೆಯಲ್ಲಿ ಓಡಾಟ ಜಾಸ್ತಿ ಅಲ್ವಾ?

ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ಅಂತ ಹಳದಿ ದೀಪ ಹತ್ತಿ ಆರಬೇಕು. ಆರದೇ ಉಳಿದರೆ ಎಬಿಎಸ್ ಕೆಲಸ ಮಾಡ್ತಿಲ್ಲ ಅಂತ. ಮಾಮೂಲಿ ಬ್ರೇಕ್ ಇರುತ್ತದೆ, ಗಾಬರಿ ಬೇಡ. ಗ್ಯಾರೇಜ್ ಸೇರುವ ತನಕ ನಮ್ಮ ಮಾವನ ಒತ್ತು-ಬಿಡು ಪಾಠವೇ ಗತಿ.

ಅಂದಹಾಗೆ, ಹೋದ ತಿಂಗಳು ಮಳೆ ನಿಂತ ಮೇಲೆ ಊರಾಚೆಯ ಖಾಲಿ ಮೈದಾನಕ್ಕೆ ಮಾವನನ್ನೇ ಕರೆದುಕೊಂಡು ಹೋದೆ. ಒದ್ದೆ ಹುಲ್ಲು, ಸುತ್ತ ಯಾರೂ ಇಲ್ಲ. ಗಂಟೆಗೆ 30 ಕಿಲೋಮೀಟರ್ ಬಂದಾಗ "ಈಗ ತುಳೀರಿ, ಎತ್ತಬೇಡಿ" ಅಂದೆ. ತುಳಿದರು. ಪೆಡಲ್ ದಡದಡ ಅಂತು. ಕಾರು ನಿಂತಿತು. ಮಾವ ಪಾದ ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಒತ್ತು, ಬಿಡು ಅಂತ ನಾನು ಬಾಯಿ ನೋಯೋ ಹಾಗೆ ಹೇಳ್ತಿದ್ದೆ. ಇದು ಅದನ್ನೇ ಮಾಡ್ತಿದೆಯಲ್ಲೋ!" ಅಂದರು. ಆಮೇಲೆ, "ಇನ್ನೊಂದು ಸಲ ನೋಡೋಣ" ಅಂತ ಗೇರ್ ಹಾಕಿದರು.

ನಮಸ್ಕಾರ.